ಸ್ಟೇರಿಂಗ್ ತಾತನ ಅರ್ಧ ಮಾತು

ನಮ್ಮಕ್ಕನ ಕಥೆ ಹೇಳು ಅಂದರೆ ಸಾಕು, ನನ್ನ ಹೊಲಿಗೆ ಮೆಷಿನ್ನು ತಾನಾಗಿಯೇ ನಿಂತುಬಿಡುತ್ತದೆ. ಇವತ್ತಿಗೂ ಮಾರ್ಕೆಟ್ಟಿಗೆ ಬಂದವರು ಯಾರಾದರೂ "ಆ ಸಭೆ ದಿವಸ ನಿಜವಾಗ್ಲೂ ಏನಾಯ್ತಮ್ಮಾ?" ಎಂದು ಕೇಳಿದರೆ ಅವರ ಅಂಗಿ ಅವತ್ತು ಅವರ ಕೈ ಸೇರುವುದಿಲ್ಲ. ನಾನಿದ್ದೆನಲ್ಲ ಅಲ್ಲಿ, ಎರಡನೇ ಸಾಲಿನಲ್ಲಿ, ಅಕ್ಕನ ಪಕ್ಕದಲ್ಲೇ! ಆ ಮಾತು ಅವಳ ಬಾಯಿಂದ ಹೊರಟಾಗ ಅದರ ಬಿಸಿ ಉಸಿರು ನನ್ನ ಕಿವಿಗೆ ತಾಗಿತ್ತು. ಆದರೆ ಅಕ್ಕ ಯಾರು, ಭಾವ ಯಾರು ಎಂಬುದು ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ಮಜಾ ಇಲ್ಲ.

ಅಕ್ಕ ಒಂದು ಕಾಲಕ್ಕೆ ನಾಟಕದ ತಂಡವೊಂದರಲ್ಲಿ ಪ್ರಾಂಪ್ಟರ್ ಆಗಿದ್ದಳು. ನಟರು ಮಾತು ಮರೆತು ನಿಂತಾಗ ಪರದೆಯ ಮರೆಯಿಂದ ಮುಂದಿನ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುವ ಕೆಲಸ. ನಟ ಬೇಕೆಂದೇ ನಿಲ್ಲಿಸಿದ ಮೌನಕ್ಕೂ ಮರೆತು ನಿಂತ ಮೌನಕ್ಕೂ ವ್ಯತ್ಯಾಸ ಇದೆಯಂತೆ. ಮರೆತವನ ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಅದು ಕಂಡರೆ ಅಕ್ಕನ ತುಟಿ ತಾನೇ ಅಲುಗುತ್ತಿತ್ತು. ಯೋಚನೆ ಮಾಡುತ್ತ ಕೂತರೆ ಅಷ್ಟರಲ್ಲಿ ನಾಟಕ ಬಿದ್ದುಹೋಗಿರುತ್ತದೆ ಎನ್ನುತ್ತಿದ್ದಳು.

ಭಾವ ಅದೇ ತಂಡದಲ್ಲಿ ಲೈಟು, ಫ್ಯಾನು ನೋಡಿಕೊಳ್ಳುತ್ತಿದ್ದರು. ಜನ ಕಡಿಮೆಯಾದಾಗ ಅವರಿಗೂ ಒಂದು ಮೀಸೆ ಅಂಟಿಸಿ, ಕೈಗೆ ಈಟಿ ಕೊಟ್ಟು, ಸೈನಿಕ ಮಾಡಿ ನಿಲ್ಲಿಸುತ್ತಿದ್ದರು. ಒಂದೇ ಒಂದು ಮಾತನ್ನೂ ನೆನಪಿಟ್ಟುಕೊಂಡ ಪುಣ್ಯಾತ್ಮ ಅಲ್ಲ. ಅಕ್ಕ ಹೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸುವುದಷ್ಟೇ. ಒಂದು ಸಲ ಅಕ್ಕ ಗಾಬರಿಯಲ್ಲಿ "ಅಯ್ಯೋ, ಮೀಸೆ ಬೀಳ್ತಾ ಇದೆ" ಎಂದು ಪಿಸುಗುಟ್ಟಿದ್ದಾಳೆ. ಭಾವ ಎದೆಯುಬ್ಬಿಸಿ ಸಿಂಹಾಸನದ ಕಡೆ ತಿರುಗಿ "ಅಯ್ಯೋ ಪ್ರಭು, ಮೀಸೆ ಬೀಳ್ತಾ ಇದೆ!" ಎಂದು ಗರ್ಜಿಸಿದರು. ಪಾಪ, ರಾಜನ ಪಾತ್ರದವನು ಗಾಬರಿಯಾಗಿ ತನ್ನ ಮೀಸೆ ಮುಟ್ಟಿಕೊಂಡ! ಸಭೆ ಬಿದ್ದು ಬಿದ್ದು ನಕ್ಕಿತು. ಇಂಥ ಗಂಡಸನ್ನು ಬಿಟ್ಟರೆ ತನಗೆ ಬೇರೆ ಗತಿ ಇಲ್ಲವೆಂದು ಅಕ್ಕನಿಗೂ, ಇವಳಿಲ್ಲದಿದ್ದರೆ ತನಗೆ ಬಾಯೇ ಇಲ್ಲವೆಂದು ಭಾವನಿಗೂ ಅವತ್ತೇ ಅನ್ನಿಸಿತಂತೆ. ಮದುವೆಯಾದರು.

ತಂಡ ಮುಚ್ಚಿತು. ಭಾವ ಹಳೇ ಮಾರ್ಕೆಟ್ಟಿನಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ ಇಟ್ಟರು, ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ. ನಡುವೆ ಒಂದು ಹಲಗೆಯ ಗೋಡೆ. ಆ ಕಡೆ ಸ್ಕ್ರೂ ಬಿದ್ದರೂ ಈ ಕಡೆ ನನಗೆ ಕೇಳಿಸುತ್ತದೆ. ಎದುರಿಗೇ ಬಸ್ ಸ್ಟ್ಯಾಂಡು. ಜನ ಕೆಟ್ಟ ಮಿಕ್ಸಿ ಹಿಡಿದು ಬಸ್ಸಿಳಿಯುತ್ತಾರೆ, ಭಾವನ ಕೈಗೆ ಕೊಡುತ್ತಾರೆ, ಮಾರ್ಕೆಟ್ ಸುತ್ತಿ ಬರುವುದರೊಳಗೆ ಅದು ರೆಡಿ. ಬಸ್ ಸ್ಟ್ಯಾಂಡು ಅಲ್ಲಿಲ್ಲದಿದ್ದರೆ ಭಾವನ ಅಂಗಡಿಯೂ ಇಲ್ಲ, ನನ್ನದೂ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಅಕ್ಕನಿಗೆ ಟಯರ್ ಅಂಗಡಿಯ ಮಹಡಿಯ ಮೇಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ "ಟೈಪಿಂಗ್ ಕೆಲಸ" ಎಂದಳು. ಸುಳ್ಳೇನಲ್ಲ, ದಿನವಿಡೀ ಟೈಪ್ ಮಾಡುವುದೇ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಉದ್ದನೆಯ ರೂಮು, ರಬ್ಬರಿನ ವಾಸನೆ, ಗೋಡೆಯುದ್ದಕ್ಕೂ ಚಾರ್ಜಿಗೆ ಹಾಕಿದ ಮೊಬೈಲುಗಳು, ಒಂದು ಬಿಳಿ ಬೋರ್ಡು. ಅದರ ಮೇಲೆ ಪ್ರತಿ ಬೆಳಗ್ಗೆ ಅವತ್ತಿನ ವಿಷಯ. ಅಲ್ಲಿಯ ಮೇಲ್ವಿಚಾರಕಿ ಅಕ್ಕನಿಗೆ ಮಗಳಾಗುವ ವಯಸ್ಸಿನವಳು, ಕಿವಿಯಿಂದ ಹೆಡ್‌ಫೋನು ತೆಗೆದದ್ದನ್ನು ಯಾರೂ ಕಂಡಿಲ್ಲ. ನಾವು ಅವಳನ್ನು ಹೆಡ್‌ಫೋನ್ ಮೇಡಂ ಎಂದೇ ಕರೆಯುತ್ತೇವೆ. ಮೊದಲ ದಿನವೇ ಅವಳು ಹೇಳಿದಳಂತೆ: "ಆಂಟಿ, ನೀವಿಲ್ಲಿ ಯಾರು ಬೇಕಾದ್ರೂ ಆಗಬಹುದು. ನೀವಾಗಿ ಮಾತ್ರ ಬರೀಬೇಡಿ."

ಕೆಲಸ ಏನೆಂದರೆ, ಊರಿನ ಜನ ಮೊಬೈಲಿನಲ್ಲಿ ಊರಿನ ರಾಜಕೀಯ ಚರ್ಚೆ ಮಾಡುವ ಒಂದು ಪುಟವಿತ್ತಲ್ಲ, ಅದರೊಳಗೆ ಹೊಕ್ಕು ಸಾಮಾನ್ಯ ಜನರ ಹಾಗೆ ಅಭಿಪ್ರಾಯ ಬರೆಯುವುದು. ಅಭಿಪ್ರಾಯ ಬೋರ್ಡಿನದು, ಹೆಸರು ಸುಳ್ಳು, ಸಂಬಳ ಮಾತ್ರ ನಿಜ. ಉಳಿದವರೆಲ್ಲ ಬೋರ್ಡಿನಲ್ಲಿದ್ದದ್ದನ್ನು ಹಾಗೇ ಇಳಿಸುತ್ತಿದ್ದರು. ನಮ್ಮಕ್ಕ ನಾಟಕದವಳು, ಅವಳಿಗೆ ಪಾತ್ರ ಬೇಕು! ಅವಳು ಒಬ್ಬ ರಿಟೈರ್ಡ್ ಬಸ್ ಡ್ರೈವರನನ್ನು ಹುಟ್ಟಿಸಿದಳು. ಕ್ಲಚ್ ಒತ್ತಿ ಒತ್ತಿ ಸವೆದ ಎಡ ಮಂಡಿ, ಲೆಕ್ಕದ ಹೋಮ್‌ವರ್ಕ್ ಹಿಡಿದು ಕಾಡುವ ಮೊಮ್ಮಗಳು, ಹಾರ್ನ್ ಹೊಡೆಯುವವರನ್ನು ಕಂಡರಾಗದ ಸ್ವಭಾವ. ಹೆಸರು ಸ್ಟೇರಿಂಗ್ ತಾತ. "ಏರು ಬಂದಾಗ ಗೇರು ಇಳಿಸಬೇಕು ಮಕ್ಕಳಾ, ಬೈದ್ರೆ ಗಾಡಿ ಹತ್ತಲ್ಲ" ಅಂತ ತಾತ ಬರೆದರೆ ಊರಿಗೆ ಊರೇ ತಲೆದೂಗುತ್ತಿತ್ತು. ಜನ ಅವನ ಮಂಡಿಗೆ ಔಷಧಿ ಹೇಳಿ ಕಳಿಸುತ್ತಿದ್ದರು!

ಅದೇ ಅಕ್ಕನೇ ಸಿಡುಕು ಮೇಷ್ಟ್ರು ಎಂಬವನೂ ಆಗಿದ್ದಳು. ತಾತ ಏನು ಹೇಳಿದರೂ ವಿರೋಧಿಸುವುದು, ವಾದ ಸೋತಾಗ ಎದುರಿನವರ ಅಪ್ಪ ಅಮ್ಮನನ್ನು ಎಳೆದು ತರುವುದು, ಇಷ್ಟೇ ಅವನ ಕೆಲಸ. "ವಿರೋಧ ಮಾಡೋರೂ ನಮ್ಮೋರೇ ಆಗಿರಬೇಕು ಆಂಟಿ, ಕೆಟ್ಟದಾಗಿ ವಿರೋಧ ಮಾಡಬೇಕು. ಆಮೇಲೆ ಒಳ್ಳೆಯವರು ಆ ಕಡೆ ನಿಲ್ಲೋಕೆ ನಾಚ್ಕೋತಾರೆ" ಎಂದಿದ್ದಳಂತೆ ಹೆಡ್‌ಫೋನ್ ಮೇಡಂ. ಮಗುವನ್ನೂ ಚಿವುಟುವುದು, ತೊಟ್ಟಿಲನ್ನೂ ತೂಗುವುದು. ಎಂಥ ತಲೆ ನೋಡಿ!

ಮೊದಮೊದಲು ಬೋರ್ಡಿನ ಮೇಲೆ ಬರುತ್ತಿದ್ದುದು ಸಾಧು ಮಾತುಗಳೇ. ಊರು ಸ್ವಚ್ಛ ಇರಬೇಕು, ಊರು ಬದಲಾಗಬೇಕು. ಯಾರು ಬೇಡ ಅಂತಾರೆ? ಆಮೇಲೆ, ಹಳೆಯದಕ್ಕೆ ಜೋತುಬೀಳಬಾರದು. ಅದೂ ಸರಿಯೇ. ಹೀಗೆ ಒಂದೊಂದೇ ಮೆಟ್ಟಿಲು ಇಳಿಸಿ ಇಳಿಸಿ, ಒಂದು ಬೆಳಗ್ಗೆ ಬೋರ್ಡಿನ ಮೇಲೆ ಎರಡೇ ಪದ ಬರೆದಿದ್ದರು: ಹಳೇ ಮಾರ್ಕೆಟ್.

ಅವತ್ತೇ ಆ ಆಫೀಸಿಗೆ ದುಡ್ಡು ಕೊಡುವ ಮನುಷ್ಯನೂ ಬಂದಿದ್ದ, ಕಟ್ಟಡ ಕಟ್ಟಿಸುವ ದೊಡ್ಡ ಕುಳ. ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟಾಣಿ ಮಾಲ್ ತಂದು ಮೇಜಿನ ಮೇಲಿಟ್ಟ. ನಗರಸಭೆ ಮಾರ್ಕೆಟ್ಟನ್ನು ಊರಾಚೆಗೆ ಸಾಗಿಸುವುದು, ಖಾಲಿಯಾದ ಜಾಗ ಇವನಿಗೆ ಹೋಗುವುದು. ಅಕ್ಕ ಬಗ್ಗಿ ನೋಡಿದಳು. ಎದುರಿಗೆ ರಸ್ತೆ ಇದೆ, ಮೂಲೆಯ ಮರ ಇದೆ, ಭಾವನ ಅಂಗಡಿ ಇರಬೇಕಾದ ಜಾಗದಲ್ಲಿ ನೀಲಿ ಬಣ್ಣದ ಕಾರಂಜಿ!

ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕ ಏದುಸಿರು ಬಿಡುತ್ತ ನನ್ನ ಅಂಗಡಿಗೆ ಓಡಿ ಬಂದಳು. ಬಟ್ಟೆ ರಾಶಿಯ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು. ನನಗೆ ಆವರೆಗೆ ಏನೂ ಗೊತ್ತಿರಲಿಲ್ಲ. ಸಿಟ್ಟು, ಆಶ್ಚರ್ಯ, ನಗು, ಮೂರೂ ಒಟ್ಟಿಗೇ ನುಗ್ಗಿ ಬಂದವು.

"ಸ್ಟೇರಿಂಗ್ ತಾತ ನೀನಾ? ಆ ಮಂಡಿ ನೋವಿಗೆ ನಾನೂ ಎಣ್ಣೆ ಹೇಳಿ ಬರೆದಿದ್ದೆ ಕಣೇ!"

"ಮೆತ್ತಗೆ ಮಾತಾಡೇ!"

ಅಷ್ಟರಲ್ಲಿ ಹಲಗೆಯ ಆಚೆಯಿಂದ ಭಾವನ ದನಿ. ಯಾರೋ ಗಿರಾಕಿಗೆ ಮೊಬೈಲು ಹಿಡಿದು ಓದಿ ಹೇಳುತ್ತಿದ್ದಾರೆ: "ಕೇಳಿ ಸ್ವಾಮಿ, ತಾತ ಏನು ಬರೆದಿದ್ದಾರೆ ಅಂತ. 'ಗ್ಯಾರೇಜ್ ಬಿಟ್ಟು ಹೊರಡದ ಬಸ್ಸಿಗೆ ತುಕ್ಕೇ ಗತಿ.' ಆಹಾ! ಈ ಮನುಷ್ಯ ನನ್ನ ಮನಸ್ಸಿನೊಳಗೆ ಕೂತ್ಕೊಂಡು ಬರೀತಾನೆ ಕಣ್ರೀ. ಮಾರ್ಕೆಟ್ಟನ್ನ ಊರಾಚೆಗೆ ಎತ್ತುತ್ತಾರೆ ಅನ್ನೋ ಸುದ್ದಿ ಇದೆಯಲ್ಲ, ಹೋಗ್ಲಿ ಅಂತೀನಿ, ಅಲ್ಲಿ ದೊಡ್ಡದಾಗಿ ಹೊಸ ಅಂಗಡಿ ಹಾಕೋಣ."

ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ತಾನು ಕೂತ ಕೊಂಬೆಯನ್ನೇ ಕಡಿಯುವವನನ್ನು ನಾನು ಕಂಡಿದ್ದೇನೆ. ಆದರೆ ಗಂಡ ಕೊಂಬೆ ಕಡಿಯುವಾಗ ಹೆಂಡತಿ ಗೊತ್ತಿಲ್ಲದೆ ಕೊಡಲಿ ಮಸೆದು ಕೊಟ್ಟದ್ದನ್ನು ಅವತ್ತೇ ಕಂಡದ್ದು.

"ಈಗಲೇ ಹೋಗಿ ಹೇಳು ಭಾವನಿಗೆ," ಎಂದೆ.

"ಆಗಲ್ಲ ಕಣೇ." ಅಕ್ಕನ ಕಣ್ಣು ತುಂಬಿತ್ತು. "ಅವರು ತಾತನಿಗೆ ಬೇರೆಯಾಗಿ, ಯಾರಿಗೂ ಕಾಣದ ಹಾಗೆ ಬರೀತಾರೆ. 'ನನ್ನ ಹೆಂಡತಿ ಊರಿಗೆಲ್ಲ ಮಾತು ಎತ್ತಿಕೊಟ್ಟೋಳು ತಾತ, ಈಗ ಮನೆಗೆ ಬಂದ್ರೆ ಮಾತೇ ಆಡಲ್ಲ, ನಾನೇನು ತಪ್ಪು ಮಾಡಿದೆ?' ಅಂತ ಕೇಳ್ತಾರೆ. ದಿನವಿಡೀ ಅಷ್ಟು ಜನ ಆಗಿ ಮಾತಾಡಿ ಬಂದ್ರೆ ನನಗೆ ಅಂತ ಒಂದು ಮಾತೂ ಉಳಿದಿರಲ್ಲ. ಅವರಿಗಿರೋದು ತಾತ ಒಬ್ಬನೇ ಫ್ರೆಂಡು. ಅವನನ್ನೂ ನಾನೇ ಸಾಯಿಸ್ಲಾ?"

ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಮನೆಯಲ್ಲಿ ಅಕ್ಕ ಹೆಂಡತಿಯಾಗಿ ವಾದಿಸಿ ನೋಡಿದಳು. "ಊರಾಚೆಗೆ ಹೋದ್ರೆ ಕೆಟ್ಟ ಮಿಕ್ಸಿ ಹೊತ್ಕೊಂಡು ಅಷ್ಟು ದೂರ ಯಾರು ಬರ್ತಾರೆ ರೀ?" ಎಂದರೆ ಭಾವ ಮುಗುಳ್ನಕ್ಕು "ನಿನಗೆ ಇದೆಲ್ಲ ಅರ್ಥ ಆಗಲ್ಲ, ತಾತ ಬರೆದಿದ್ದು ಓದು" ಎನ್ನುತ್ತಿದ್ದರು. ತಾನೇ ಬರೆದದ್ದರ ಎದುರು ತಾನೇ ಸೋಲುವುದೆಂದರೆ! ನಾನಾಗಿದ್ದರೆ ಆ ಮೊಬೈಲನ್ನು ಮಿಕ್ಸಿಗೆ ಹಾಕಿ ರುಬ್ಬಿಬಿಡುತ್ತಿದ್ದೆ.

ಅಕ್ಕ ಬೇರೆ ದಾರಿ ಹುಡುಕಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಭಾವನಿಗೆ ಬುದ್ಧಿ ಬರುವುದಾದರೆ ತಾತನ ಬಾಯಿಂದಲೇ ಬರಬೇಕು. ಅವಳು ತಾತನಾಗಿ ಹೀಗೆ ಬರೆದಳು: "ಎಷ್ಟು ವರ್ಷ ಅಂತ ಹಳೇ ಬಸ್ಸಲ್ಲೇ ಕೂತಿರ್ತೀರಿ? ಇಳೀರಿ, ಹೊಸ ಬಸ್ಸು ಹತ್ತಿ. ಆದ್ರೆ ಇಳಿಯೋಕೆ ಮುಂಚೆ ಹೊಸ ಬಸ್ಸು ಬಂದು ನಿಂತಿದೆಯಾ ಅಂತ ನೋಡ್ಕೊಳ್ಳಿ. ಇಲ್ಲಾಂದ್ರೆ ನಡು ರಸ್ತೇಲಿ ನಿಲ್ಲೋರು ನೀವೇ."

ಆದರೆ ಬರೆದದ್ದೆಲ್ಲ ಹೆಡ್‌ಫೋನ್ ಮೇಡಂ ನೋಡಿದ ಮೇಲೆಯೇ ಹೊರಗೆ ಹೋಗಬೇಕಲ್ಲ. ಅವಳು ಓದಿ "ಸೂಪರ್ ಆಂಟಿ!" ಎಂದು, 'ಆದ್ರೆ'ಯಿಂದ ಮುಂದಿನದ್ದಕ್ಕೆಲ್ಲ ಕತ್ತರಿ ಹಾಕಿದಳು. ನಾನೂ ದಿನವಿಡೀ ಕತ್ತರಿ ಹಿಡಿಯುವವಳೇ, ಅಷ್ಟು ಸಲೀಸಾಗಿ ಕತ್ತರಿಸಲು ನನಗೂ ಬರುವುದಿಲ್ಲ. ಉಳಿದ ಅರ್ಧ ಮಾತು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಊರಿನವರ ಬಾಯಲ್ಲೆಲ್ಲ "ಇಳೀರಿ, ಹೊಸ ಬಸ್ಸು ಹತ್ತಿ!" ಆಟೋದ ಹಿಂದೆಯೂ ಬರೆಸಿದರು.

ಮಾರ್ಕೆಟ್ ಎತ್ತಬೇಕೆಂದರೆ ಅಂಗಡಿಯವರ ಒಪ್ಪಿಗೆ ಬೇಕು. ಅದಕ್ಕೊಂದು ಸಾರ್ವಜನಿಕ ಸಭೆ ಕರೆದರು. ಅಂಗಡಿಯವರ ಪರವಾಗಿ ಮಾತಾಡಲು ಆರಿಸಿದ್ದು ಯಾರನ್ನು ಅಂತೀರಿ? ನಮ್ಮ ಭಾವನನ್ನೇ! ಅಷ್ಟೊಂದು ಹುಮ್ಮಸ್ಸು ಬೇರೆ ಯಾರಲ್ಲೂ ಇರಲಿಲ್ಲ. ಭಾವ ಹೂಂ ಅಂದರೆ ಉಳಿದವರೂ ಹೂಂ, ಮಾರ್ಕೆಟ್ ಹೋದ ಹಾಗೆಯೇ.

ಸಭೆಯ ಬೆಳಗ್ಗೆ ಅಕ್ಕ ಎಲ್ಲವನ್ನೂ ಹೇಳಿಬಿಡಲು ಗಟ್ಟಿ ಮನಸ್ಸು ಮಾಡಿದ್ದಳು. ಭಾವ ಕನ್ನಡಿಯ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತ ಮಗುವಿನ ಹಾಗೆ ಕುಣಿಯುತ್ತಿದ್ದರು. "ಇವತ್ತು ತಾತ ಬರ್ತಾರಂತೆ ಕಣೇ! ನಾನು ಕರೆದಿದ್ದೆ, 'ಖಂಡಿತ ಬರ್ತೀನಿ' ಅಂತ ಉತ್ತರ ಬಂದಿದೆ!" ಆ ಉತ್ತರ ಬರೆದದ್ದು ಅಕ್ಕ ಅಲ್ಲ. ತಾತ ಅಕ್ಕನವನಾದರೂ ಅವನ ಬೀಗದ ಕೈ ಆಫೀಸಿನದು. ಅಕ್ಕ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು.

ಪುರಭವನ ಕಿಕ್ಕಿರಿದಿತ್ತು. ಫ್ಯಾನುಗಳು ಕಿರುಗುಡುತ್ತಿದ್ದವು, ಅದರಲ್ಲೊಂದು ಭಾವ ರಿಪೇರಿ ಮಾಡಿದ್ದು, ಅದೊಂದೇ ಸದ್ದಿಲ್ಲದೆ ತಿರುಗುತ್ತಿತ್ತು. ವೇದಿಕೆಯ ಮೇಲೆ ಕನ್ನಡಕ ಹಾಕಿದ ಅಧಿಕಾರಿ ಅಮ್ಮ. ಅವರ ಮುಂದೆ ದಪ್ಪನೆಯ ಫೈಲು, ಅದರಲ್ಲಿ 'ಜನಾಭಿಪ್ರಾಯ' ಎಂದು ಸ್ಟೇರಿಂಗ್ ತಾತನ ಮಾತುಗಳನ್ನೇ ಮುದ್ರಿಸಿ ಸೇರಿಸಿದ್ದರು. ಪಕ್ಕದ ಸಾಲಿನಲ್ಲಿ ಕಟ್ಟಡದ ಕುಳ, ಜೊತೆಗೆ ಹೆಡ್‌ಫೋನ್ ಮೇಡಂ. ಭಾವ ಮೊದಲ ಸಾಲಿನ ಒಂದು ಕುರ್ಚಿಯ ಮೇಲೆ ತಮ್ಮ ಕರ್ಚೀಫು ಹಾಸಿ, ಯಾರು ಬಂದರೂ "ಇದು ತಾತನಿಗೆ, ತಾತನಿಗೆ" ಎಂದು ಕಾಯುತ್ತಿದ್ದರು.

ಕರೆ ಬಂತು. ಭಾವ ಮೈಕಿನ ಮುಂದೆ ನಿಂತರು.

"ನಾನು ಮಿಕ್ಸಿ ರಿಪೇರಿಯವನು, ನನಗೆ ಭಾಷಣ ಬರಲ್ಲ. ನಮ್ಮ ಸ್ಟೇರಿಂಗ್ ತಾತ ಹೇಳಿದ್ದನ್ನೇ ಹೇಳ್ತೀನಿ. ಎಷ್ಟು ವರ್ಷ ಅಂತ ಹಳೇ ಬಸ್ಸಲ್ಲೇ ಕೂತಿರ್ತೀರಿ? ಇಳೀರಿ, ಹೊಸ ಬಸ್ಸು ಹತ್ತಿ..."

ಇಷ್ಟು ಹೇಳಿ ಭಾವ ಖಾಲಿ ಕುರ್ಚಿಯ ಕಡೆ ನೋಡಿದರು. ತಾತ ಬಂದಿರಲಿಲ್ಲ. ಮಾತು ನಿಂತುಹೋಯಿತು. ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು.

ನನ್ನ ಪಕ್ಕದಲ್ಲಿ ಅಕ್ಕನ ತುಟಿ ಅಲುಗಿತು! ನಾನು ತಡೆಯುವುದರೊಳಗೆ ಆ ಹಳೇ ನಾಟಕದ ಪಿಸುದನಿ ಹೊರಟೇಹೋಯಿತು: "ಆದ್ರೆ ಇಳಿಯೋಕೆ ಮುಂಚೆ ಹೊಸ ಬಸ್ಸು ಬಂದು ನಿಂತಿದೆಯಾ ಅಂತ ನೋಡ್ಕೊಳ್ಳಿ. ಇಲ್ಲಾಂದ್ರೆ ನಡು ರಸ್ತೇಲಿ ನಿಲ್ಲೋರು ನೀವೇ."

ಭಾವ ಎದೆಯುಬ್ಬಿಸಿದರು. ಅದೇ ಸೈನಿಕ, ಅದೇ ಗರ್ಜನೆ! "ಆದ್ರೆ ಇಳಿಯೋಕೆ ಮುಂಚೆ ಹೊಸ ಬಸ್ಸು ಬಂದು ನಿಂತಿದೆಯಾ ಅಂತ ನೋಡ್ಕೊಳ್ಳಿ! ಇಲ್ಲಾಂದ್ರೆ ನಡು ರಸ್ತೇಲಿ ನಿಲ್ಲೋರು ನೀವೇ!"

ಹಿಂದಿನಿಂದ ಚಪ್ಪಲಿ ಅಂಗಡಿಯವನು ಎದ್ದು ಕೂಗಿದ: "ಹೌದಲ್ವಾ! ಎಲ್ಲಿದೆ ಸ್ವಾಮಿ ಹೊಸ ಬಸ್ಸು? ಆ ಜಾಗಕ್ಕೆ ರಸ್ತೆನೇ ಇಲ್ಲ!" ಇನ್ನೊಬ್ಬರು "ನೀರಿದೆಯಾ?" ಎಂದರು. "ಬಸ್ ಸ್ಟಾಪ್ ಎಲ್ಲಿ?" ಎಂದರು ಮತ್ತೊಬ್ಬರು. ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಕುಳದ ಮುಖ ಸುಟ್ಟ ಬದನೆಕಾಯಿ. ಆಗ ಹೆಡ್‌ಫೋನ್ ಮೇಡಂ, ಮೊದಲ ಬಾರಿಗೆ ಕಿವಿಯಿಂದ ಅದನ್ನು ಕಿತ್ತು, ಎದ್ದು ನಿಂತು ಎಲ್ಲರ ಎದುರೇ ಕಿರುಚಿದಳು:

"ಆಂಟಿ! ಆ ಲೈನು ನಾನು ತೆಗೆದುಹಾಕಿದ್ನಲ್ಲ!"

ಸಭೆಗೆ ಸಭೆಯೇ ಅವಳ ಕಡೆ ತಿರುಗಿತು, ಆಮೇಲೆ ಅಕ್ಕನ ಕಡೆ. ಅಧಿಕಾರಿ ಅಮ್ಮ ಕನ್ನಡಕ ಕೆಳಗಿಳಿಸಿ "ಯಾವ ಲೈನಮ್ಮಾ? ಯಾರು ಬರೆದಿದ್ದು, ಯಾರು ತೆಗೆದಿದ್ದು?" ಎಂದರು. ಹುಡುಗಿ ಕೂತುಬಿಟ್ಟಳು. ಆದರೆ ಆಡಿದ ಮಾತು, ಒಡೆದ ಮುತ್ತು.

ಭಾವ ಮೈಕಿನ ಮುಂದೆ ಹಾಗೇ ನಿಂತಿದ್ದರು. ನಾಟಕದ ಒಂದು ಮಾತೂ ನೆನಪಿಡದಿದ್ದರೂ ತಾತನ ಒಂದೊಂದು ಮಾತೂ ಬಾಯಿಪಾಠ ಇದ್ದವರು. "ಇದು ತಾತ ಹೇಳಿಲ್ವಲ್ಲ," ಎಂದರು ಅಕ್ಕನ ಕಡೆ ನೋಡುತ್ತ, ಮೆಲ್ಲಗೆ. ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು. "ನಿನಗೆ ಹೇಗೆ ಗೊತ್ತು?"

ಅಕ್ಕ ಎದ್ದಳು. ನನ್ನ ಎದೆ ನನ್ನ ಮೆಷಿನ್ನಿಗಿಂತ ಜೋರಾಗಿ ಓಡುತ್ತಿತ್ತು. ಅವಳು ಮೊದಲ ಸಾಲಿಗೆ ನಡೆದು, ಆ ಖಾಲಿ ಕುರ್ಚಿಯ ಮೇಲಿನ ಕರ್ಚೀಫು ಎತ್ತಿ ಕೈಯಲ್ಲಿ ಹಿಡಿದು, ಜನರ ಕಡೆ ತಿರುಗಿದಳು.

"ತಾತ ಬಂದಿದ್ದಾರೆ. ನಾನೇ ತಾತ. ಸಿಡುಕು ಮೇಷ್ಟ್ರೂ ನಾನೇ. ಟಯರ್ ಅಂಗಡಿ ಮಹಡಿ ಮೇಲೆ ಸಂಬಳ ತಗೊಂಡು ಬರೀತಿದ್ದೆ. ಸಂಬಳ ಕೊಡ್ತಿದ್ದೋರು ಅಲ್ಲಿ ಕೂತಿದ್ದಾರೆ."

ಅಬ್ಬಬ್ಬಾ, ಆ ಗದ್ದಲ! ಬೈದವರೆಷ್ಟು, ಚಪ್ಪಾಳೆ ಹೊಡೆದವರೆಷ್ಟು! ದಿನಸಿ ಅಂಗಡಿಯವನು ತಲೆಯ ಮೇಲೆ ಕೈಹೊತ್ತು "ನಾನು ಊಟ ಬಿಟ್ಟು ಜಗಳ ಆಡಿದ್ದು ನಿಮ್ಮ ಜೊತೆನಾ ಅಕ್ಕಾ?" ಎಂದ. ಅಧಿಕಾರಿ ಅಮ್ಮ ಮೇಜು ಕುಟ್ಟಿ ಕುಟ್ಟಿ ಸಾಕಾಗಿ, ಕೊನೆಗೆ ಫೈಲಿನಿಂದ ಆ 'ಜನಾಭಿಪ್ರಾಯ'ದ ಹಾಳೆಗಳನ್ನು ಎಲ್ಲರಿಗೂ ಕಾಣುವಂತೆ ಹೊರಗೆಳೆದು ಬೇರೆಯಾಗಿ ಇಟ್ಟರು. ಇವತ್ತು ಯಾರ ಒಪ್ಪಿಗೆಯನ್ನೂ ಬರೆದುಕೊಳ್ಳುವುದಿಲ್ಲ, ಇದರ ವಿಚಾರಣೆ ಆಗಬೇಕು, ಸಭೆ ಮುಗಿಯಿತು ಎಂದರು. ಮಾರ್ಕೆಟ್ ಉಳಿಯಿತು. ಶಾಶ್ವತವಾಗಿ ಅಂತ ಎದೆ ತಟ್ಟಿ ಹೇಳಲಾರೆ, ಆ ಗಾಜಿನ ಪೆಟ್ಟಿಗೆ ಎಲ್ಲೋ ಒಂದು ಕಡೆ ಇದ್ದೇ ಇದೆ.

ಇಷ್ಟೆಲ್ಲ ಸಂಭ್ರಮದ ನಡುವೆ ಭಾವ ಯಾವಾಗ ಮೈಕು ಬಿಟ್ಟು ಹೋದರೋ ಯಾರೂ ನೋಡಲಿಲ್ಲ. ಅಕ್ಕನ ಕೆಲಸ ಹೋಯಿತು, ಹೋಗಲಿ. ಆದರೆ ಭಾವ ಮಾತು ಬಿಟ್ಟರು. ಮನೆಯಲ್ಲಿ ಒಮ್ಮೆ ಮಾತ್ರ ಕೇಳಿದರಂತೆ, "ನಾನು ತಾತನಿಗೆ ಬರೆದಿದ್ದೆಲ್ಲ ಓದಿದ್ಯಾ?" "ಓದಿದೆ." "ಉತ್ತರ ಕೊಟ್ಟಿದ್ದೂ ನೀನೇನಾ?" "ನಾನೇ." ಅಷ್ಟೇ. ಮಾರ್ಕೆಟ್ಟಿನವರೆಲ್ಲ ಅಕ್ಕನನ್ನು ಕಂಡರೆ ನಗುತ್ತಿದ್ದರು, ಒಬ್ಬರು ಮಾತ್ರ ತಲೆ ಎತ್ತುತ್ತಿರಲಿಲ್ಲ. ನನಗೆ ಭಾವನ ಮೇಲೆ ಸಿಟ್ಟು ಬಂತು ಅನ್ನಲಾರೆ. ಯಾರ ಎದುರು ಅಳಬಾರದೆಂದು ತಾತನ ಎದುರು ಅತ್ತಿದ್ದರೋ, ಅವಳೇ ತಾತ ಆಗಿದ್ದಳಲ್ಲ.

ಕೊನೆಗೊಂದು ಮಧ್ಯಾಹ್ನ ಅಕ್ಕ ಅವರ ಅಂಗಡಿಯ ಮುಂದೆ ಬಂದು ನಿಂತಳು, ಕೈಯಲ್ಲಿ ಅದೇ ಕರ್ಚೀಫು, ಒಗೆದು ಮಡಚಿದ್ದು. ನಾನು ಮೆಷಿನ್ನು ನಿಲ್ಲಿಸಿ ಹಲಗೆಗೆ ಕಿವಿ ಹಚ್ಚಿದೆ. ಸಂದಿಯಲ್ಲಿ ಒಂದು ಕಣ್ಣನ್ನೂ ಇಟ್ಟೆ, ಯಾಕೆ ಸುಳ್ಳು ಹೇಳಲಿ?

"ರೀ..." ಎಂದಳು ಅಕ್ಕ. ಆಮೇಲೆ ಏನೂ ಇಲ್ಲ. ಊರಿಗೆಲ್ಲ ಮಾತು ಎತ್ತಿಕೊಟ್ಟ ನಮ್ಮಕ್ಕ, ತಾತನಾಗಿ, ಮೇಷ್ಟ್ರಾಗಿ ಊರನ್ನೇ ಕುಣಿಸಿದವಳು, ತನ್ನ ಮಾತಿಗೆ ಬಂದಾಗ ಬಾಯಿ ತೆರೆದು ಹಾಗೇ ನಿಂತುಬಿಟ್ಟಳು. ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದು ಸಂದಿಯಿಂದ ನನಗೂ ಕಂಡಿತು.

ಭಾವನ ಓರೆಗಣ್ಣಿಗೂ ಕಂಡಿರಬೇಕು. ಬಿಚ್ಚಿದ ಮಿಕ್ಸಿಯ ಮೇಲೆ ಬಗ್ಗಿದ್ದವರು ತಲೆ ಎತ್ತಲಿಲ್ಲ, ಸ್ಕ್ರೂಡ್ರೈವರ್ ತಿರುಗಿಸುವುದನ್ನೂ ನಿಲ್ಲಿಸಲಿಲ್ಲ. ಪಿಸುದನಿಯಲ್ಲಿ ಹೇಳಿದರು:

"ತಪ್ಪಾಯ್ತು ರೀ."

ಅಕ್ಕನ ಕಣ್ಣಿಂದ ನೀರು ಇಳಿಯಿತು. "ತಪ್ಪಾಯ್ತು ರೀ," ಎಂದಳು.

"ಹಿಂದಿನ ಸಾಲಿಗೆ ಕೇಳಿಸಲಿಲ್ಲ."

"ತಪ್ಪಾಯ್ತು ರೀ!"

"ಕೇಳಿಸ್ತು ಭಾವ, ಕೇಳಿಸ್ತು!" ಎಂದು ನಾನು ಹಲಗೆಯ ಈಚೆಯಿಂದ ಕೂಗಿದೆ. ಆ ಕಡೆ ಇಬ್ಬರೂ ಒಟ್ಟಿಗೇ ನಕ್ಕರು. ಆಮೇಲೆ ಭಾವ ಪಕ್ಕದ ಇನ್ನೊಂದು ಮಿಕ್ಸಿ ಹಾಕಿದ್ದರಿಂದ ಅವರು ಏನು ಮಾತಾಡಿಕೊಂಡರೋ ನನಗೆ ಒಂದಕ್ಷರವೂ ಕೇಳಿಸಲಿಲ್ಲ.